ಪಾಳಿಯಲ್ಲಿ ನನ್ನ ಕೊಡ

ನಮ್ಮ ಊರಿನ ಮೂರನೆಯ ವಾರ್ಡಿನ ಮೆಂಬರ್ ಪಡದಪ್ಪನ ಅಳಿಯ ಈಗ ಯಾವ ಪಕ್ಷದಲ್ಲಿದ್ದಾನೆ ಎಂದು ಕೇಳಿ, ನಿಂತಲ್ಲೇ ಹೇಳುತ್ತೇನೆ. ಮೊದಲು ಯಾವ ಪಕ್ಷದಲ್ಲಿದ್ದ, ಅದನ್ನು ಬಿಟ್ಟು ಬರುವಾಗ ಯಾರ ಬೈಕಿನ ಹಿಂದೆ ಕೂತು ಬಂದ ಎಂಬುದನ್ನೂ ಹೇಳುತ್ತೇನೆ. ಆದರೆ ಹನ್ನೊಂದು ವರ್ಷಗಳಿಂದ ನಾನು ಉಂಡು ಮಲಗುತ್ತಿರುವ ಈ ಪರದೇಶದ ಊರಿನ ಮೇಯರ್ ಯಾರು ಎಂದು ಮಾತ್ರ ಕೇಳಬೇಡಿ. ಒಮ್ಮೆ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸೊಬ್ಬಳು ಕೇಳಿದ್ದಳು. ನಾನು ಅಂದಾಜಿನ ಮೇಲೆ ಯಾವನೋ ಗಂಡಸಿನ ಹೆಸರು ಹೇಳಿದೆ. ಅವಳು ನಕ್ಕು ತನ್ನ ಸ್ಟಾಪಿನಲ್ಲಿ ಇಳಿದು ಹೋದಳು. ಮೇಯರ್ ಅವಳೇ ಎಂದು ಡ್ರೈವರ್ ಆಮೇಲೆ ಹೇಳಿದ.

ತಪ್ಪು ಪೂರ್ತಿ ನನ್ನದಲ್ಲ, ಇಲ್ಲಿಯ ನಳಗಳದ್ದೂ ಇದೆ. ಈ ಊರಿನಲ್ಲಿ ಹೊರಗಿನಿಂದ ಬಂದವರು ಯಾರೇ ಆಗಲಿ, ಅಡಿಗೆಮನೆಯ ನಳ ತಿರುವಿದರೆ ನೀರಿನ ಜೊತೆಗೆ ಅವರ ಊರಿನ ಮಾತೂ ಬರುತ್ತದೆ. ಇಡೀ ಊರಿನ ಮಾತಲ್ಲ. ಚಿಕ್ಕವರಿದ್ದಾಗ ಮೊದಲ ಸಲ ಎಲ್ಲಿ ನೀರು ತುಂಬಿದ್ದರೋ ಆ ಜಾಗದ ಮಾತು, ಅದೂ ಈ ಗಳಿಗೆಯಲ್ಲಿ ಅಲ್ಲಿ ನಿಂತವರು ಆಡುತ್ತಿರುವ ಮಾತು. ಇದಕ್ಕೆ ಇಲ್ಲಿ ಯಾರೂ ಬೆರಗಾಗುವುದಿಲ್ಲ. ಬಾಡಿಗೆ ಮನೆಯ ಜಾಹೀರಾತಿನಲ್ಲಿ 'ನಳದ ಮುಂದೆ ಕುರ್ಚಿ ಹಾಕಿಕೊಳ್ಳಲು ಜಾಗವಿದೆ' ಎಂದು ಬರೆದಿರುತ್ತಾರೆ. ಬೇಸಿಗೆ ಬಂತೆಂದರೆ ನೀರಿನ ಇಲಾಖೆಯವರು ಮನೆಮನೆಗೆ ಚೀಟಿ ಕಳಿಸುತ್ತಾರೆ: ಚುನಾವಣೆ, ಮದುವೆ ಮತ್ತು ಆಸ್ತಿ ಜಗಳದ ದಿನಗಳಲ್ಲಿ ದಯವಿಟ್ಟು ನಳವನ್ನು ಸಣ್ಣಗೆ ಬಿಟ್ಟು ಕೇಳಿರಿ. ಇಲ್ಲೇ ಹುಟ್ಟಿದವರು ನಳ ತಿರುವಿದರೆ ಬರೀ ನೀರು. ಅವರು ನಮ್ಮಂಥವರ ಮನೆಗೆ ಊಟಕ್ಕೆ ಬಂದರೆ ಪಾತ್ರೆ ತೊಳೆದೇ ಹೋಗುತ್ತೇವೆಂದು ಹಟ ಹಿಡಿಯುತ್ತಾರೆ. ನಳ ಮಾತ್ರ ನಾವೇ ತಿರುವಬೇಕಂತೆ.

ನನ್ನ ಮನೆಯ ಒಡತಿ ಮಾರ್ತಾ. ಎಪ್ಪತ್ತು ದಾಟಿದವಳು, ಕೆಳಗಿನ ಮನೆಯಲ್ಲಿರುತ್ತಾಳೆ. ಅವಳೂ ಹೊರಗಿನವಳೇ, ಯಾವುದೋ ದ್ವೀಪದವಳು. ಅವಳ ಊರಿನ ಬಾವಿಯನ್ನು ಮುಚ್ಚಿ ಅದರ ಮೇಲೆ ಅಂಚೆ ಕಚೇರಿ ಕಟ್ಟಿದರಂತೆ. ಅಂದಿನಿಂದ ಅವಳ ನಳಕ್ಕೆ ಬಾಯಿಲ್ಲ. "ಮೊದಲನೆಯ ವರ್ಷ ಅಳುತ್ತಾ ಕಳೆದೆ. ಎರಡನೆಯ ವರ್ಷ ಈ ಊರಿನ ಭಾಷೆಯನ್ನು ಸರಿಯಾಗಿ ಕಲಿತೆ" ಎನ್ನುತ್ತಾಳೆ. ನನಗೆ ಈ ಊರಿನ ಭಾಷೆ ಗುಂಡಿ, ದಾರ, ಉದ್ದ, ಗಿಡ್ಡ ಎನ್ನುವಷ್ಟು ಬರುತ್ತದೆ. ನಾನು ಇಲ್ಲಿಯ ಒಂದು ದೊಡ್ಡ ಹೋಟೆಲಿನಲ್ಲಿ ಕೆಲಸಗಾರರ ಸಮವಸ್ತ್ರ ರಿಪೇರಿ ಮಾಡುವ ದರ್ಜಿ. ಓದಿದ್ದು ಏಳನೆಯ ತರಗತಿಯವರೆಗೆ. ಉಳಿದದ್ದನ್ನು ಅಂಗಡಿಗೆ ಬಟ್ಟೆ ಸುತ್ತಿ ತರುತ್ತಿದ್ದ ಪೇಪರುಗಳಲ್ಲಿ ಓದಿದೆ. ಹಾಗಾಗಿ ನನ್ನ ಸಾಮಾನ್ಯಜ್ಞಾನವೆಲ್ಲ ನಡುವೆ ಹರಿದಂತೆ ಇರುತ್ತದೆ.

ನನ್ನ ನಳದಲ್ಲಿ ಬರುವುದು ನಮ್ಮ ಬೀದಿಯ ನಳದ ಮಾತು. ಏರಿನ ಬುಡದಲ್ಲಿ, ಹಿಟ್ಟಿನ ಗಿರಣಿಯ ಗೋಡೆಗೆ ಹತ್ತಿಕೊಂಡು ಇರುವ ನಳ ಅದು. ಇಡೀ ಬೀದಿಗೆ ಅದೊಂದೇ. ದಿನ ಬಿಟ್ಟು ದಿನ ಮುಂಜಾನೆ ಹನ್ನೊಂದಕ್ಕೆ ನೀರು ಬಿಡುತ್ತಾರೆ, ಆಗ ಇಲ್ಲಿ ಬೆಳಗಿನ ಏಳು ಗಂಟೆ. ನಾನು ಚಹಾದ ಕಪ್ಪು ಹಿಡಿದು, ಕುರ್ಚಿ ಎಳೆದುಕೊಂಡು, ನಳವನ್ನು ದಾರದಷ್ಟು ಸಣ್ಣಗೆ ತಿರುವಿ ಕೂಡುತ್ತೇನೆ. ಫೋನು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಫೋನಿನಲ್ಲಿ ಎಲ್ಲರೂ ಆರಾಮ ಇರುತ್ತಾರೆ. ನಳದಲ್ಲಿ ಮಾತ್ರ ನಿಜವಾಗಿ ಹೇಗಿದ್ದಾರೆ ಎಂದು ಗೊತ್ತಾಗುತ್ತದೆ. ನಾನು ಹಾಗೆಂದು ನಂಬಿದ್ದೆ.

ಮೊದಲು ಕೊಡಗಳ ಸಪ್ಪಳ, ಆಮೇಲೆ ಫಕೀರವ್ವನ ಗಂಟಲು. ಫಕೀರವ್ವ ನಳದ ಎದುರು ಮನೆಯವಳು, ಅರವತ್ತರ ಹೆಂಗಸು. ಪಾಳಿಯಲ್ಲಿ ಯಾರ ಕೊಡ ಯಾರ ಹಿಂದೆ ಎಂಬುದಕ್ಕೆ ಅವಳ ಮಾತೇ ಕೊನೆ. ಅದರ ಹಿಂದೆಯೇ ನಮ್ಮಕ್ಕ ನೀಲಗಂಗಾಳ ದನಿ. ಏರಿನ ತುದಿಯ ಮನೆ ಅಕ್ಕನದು. ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ನನಗಿಂತ ಆರು ವರ್ಷ ದೊಡ್ಡವಳು.

"ಯಾಕ ಬೇ ನೀಲಗಂಗಾ, ಇವತ್ತ ಮಾರಿ ಹಿಂಗ ಕೆಂಪಾಗೇತಿ?"

"ನೂರಾ ಎಂಬತ್ತ ರೊಟ್ಟಿ ಬಡದ ಬಂದೇನಿ. ಹಂಚಿನ ಮುಂದ ಕುಂತಾಕಿ ಮಾರಿ ಮತ್ತ ಮಲ್ಲಿಗಿ ಹೂವಾಗಿರತೈತೇನು?"

ನಾನು ಇಲ್ಲಿ ಒಬ್ಬನೇ ನಗುತ್ತಿದ್ದೆ. ಕೇಳಿ ಸುಮ್ಮನಿದ್ದರೆ ನನ್ನ ಮರ್ಯಾದೆಯಾದರೂ ಉಳಿಯುತ್ತಿತ್ತು, ಆದರೆ ಸುಮ್ಮನಿರಲು ನನಗೆ ಎಲ್ಲಿ ಬರುತ್ತದೆ? ಕೇಳಿದ್ದಕ್ಕೆಲ್ಲ ಫೋನು ಮಾಡಿ ಬುದ್ಧಿ ಹೇಳುತ್ತಿದ್ದೆ. ಫಕೀರವ್ವನ ಸೊಸೆ ಮುನಿಸಿಕೊಂಡು ತವರಿಗೆ ಹೋದಾಗ ಅವಳ ಮಗನಿಗೆ ಫೋನು ಮಾಡಿ ಅರ್ಧ ತಾಸು ಸಂಸಾರದ ಬಗ್ಗೆ ಮಾತಾಡಿದೆ. ನಾನು ಮದುವೆಯಾಗಿಲ್ಲ ಎಂಬುದನ್ನು ಅವನು ಬಹಳ ವಿನಯದಿಂದ ನೆನಪು ಮಾಡಿದ. ಪಡದಪ್ಪ ಗಟಾರಿನ ಕೆಲಸ ಅರ್ಧಕ್ಕೆ ಬಿಟ್ಟಾಗ ಅವನಿಗೇ ಫೋನು ಮಾಡಿ, ಇಲ್ಲಿಯ ಗಟಾರುಗಳನ್ನು ವರ್ಣಿಸಿದೆ. ಹೀಗಾಗಿ ಎರಡೇ ವರ್ಷದಲ್ಲಿ ನಮ್ಮ ಬೀದಿ ಒಂದು ಉಪಾಯ ಕಂಡುಕೊಂಡಿತು. ಗುಟ್ಟಿನ ಮಾತು ಬಂದಾಗ ನಳದ ಬಾಯಿಗೆ ಅರಿವೆ ಸುತ್ತುತ್ತಾರೆ.

"ಏ, ನಳಕ್ಕ ಅರಿವಿ ಕಟ್ರಿ. ಗುರುಪಾದ ಕೇಳತಾನ."

"ಕೇಳಿದ್ರ ಏನಾತು? ಅಲ್ಲಿಂದ ಬಂದು ನಿನ್ನ ಸೊಸಿ ಕೂಡ ಜಗಳಾ ತಗೀತಾನೇನು?"

"ತಗೀತಾನವ್ವಾ, ಫೋನಿನ್ಯಾಗ ತಗೀತಾನ!"

ಆಮೇಲೆ ನನಗೆ ಕೇಳುವುದು ಗುಸುಗುಸು ಮಾತ್ರ. ಅರಿವೆಯೊಳಗಿನ ಮಾತೆಲ್ಲ ಫಕೀರವ್ವನ ಸೊಸೆಯದೇ ಇರಬೇಕೆಂದು ನಾನು ತಿಳಿದಿದ್ದೆ.

ಇನ್ನು ನನ್ನ ಕೊಡದ ವಿಷಯ. ನಮ್ಮ ಬೀದಿಯ ಪಾಳಿಗೆ ಹಿಂದಿನಿಂದ ಬಂದ ಒಂದು ಕಟ್ಟಳೆ ಇದೆ. ಮನೆಯ ದೊಡ್ಡವರು ಎಷ್ಟು ಮಂದಿಯೋ ಅಷ್ಟು ಕೊಡ ಪಾಳಿಗೆ. ಕೊಡ ನಿಂತರೆ ಮನುಷ್ಯ ನಿಂತ ಹಾಗೆ. ಊರು ಬಿಟ್ಟು ಹೋದವನ ಕೊಡವೂ ತನ್ನ ಜಾಗದಲ್ಲಿ ನಿಲ್ಲಬೇಕು, ತುಂಬಿಕೊಂಡೇ ಮನೆಗೆ ಹೋಗಬೇಕು. ಕೊಡವನ್ನು ಪಾಳಿಯಿಂದ ತೆಗೆಯುವುದು ಆ ಮನುಷ್ಯ ಸತ್ತ ಹನ್ನೊಂದನೆಯ ದಿನ ಮಾತ್ರ. ಬೀದಿಯ ತೀರ್ಮಾನಗಳು ಕೂಡ ಕೊಡಗಳ ಮೇಲೆಯೇ ನಡೆಯುತ್ತವೆ. ಒಂದು ಪದ್ಧತಿ ಮುಂದುವರಿಯಲಿ ಅನ್ನುವವರು ಕೊಡ ನೆಟ್ಟಗೆ ಇಡಬೇಕು, ಸಾಕು ಅನ್ನುವವರು ಡಬ್ಬ, ಅಂದರೆ ಬೋರಲು, ಹಾಕಬೇಕು. ದೂರ ಇರುವವನು ತನ್ನ ಕೊಡದ ಮಾತನ್ನು ತಾನೇ ಹೇಳಿ ಕಳಿಸಬೇಕು.

ನನ್ನದು ಹಿತ್ತಾಳೆಯ ಕೊಡ. ಅಪ್ಪ ಮಾಡಿಸಿದ್ದು, ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ನನ್ನ ಹೆಸರು ಹೊಡೆಸಿದ್ದು. ನೆಲಕ್ಕೆ ಇಟ್ಟರೆ ಗುಡಿಯ ಗಂಟೆಯಂತೆ ದನಿ. ಆ ದನಿ ಕೇಳಿದಾಗ ನನಗಾಗುತ್ತಿದ್ದ ಸಂತೋಷವನ್ನು ಹೇಗೆ ಹೇಳಲಿ? ಸಾವಿರಾರು ಮೈಲಿ ದೂರದಲ್ಲಿ ನಾನು ಇನ್ನೂ ಪಾಳಿಯಲ್ಲಿದ್ದೇನೆ! ಎರಡು ವರ್ಷದ ಹಿಂದೆ ಒಂದು ದಿನ ಆ ದನಿ ಬರಲಿಲ್ಲ. ಅದರ ಬದಲು ಟಪ್ ಎಂದು ಪ್ಲಾಸ್ಟಿಕ್ಕಿನ ಸಪ್ಪಳ. ನಾನು ತಕ್ಷಣ ಅಕ್ಕನಿಗೆ ಫೋನು ಮಾಡಿದೆ.

"ಅಕ್ಕಾ, ನನ್ನ ಕೊಡ ಯಾರ ಬದಲಿ ಮಾಡ್ಯಾರ?"

"ನಾನ ಮಾಡೇನಿ. ಪ್ಲಾಸ್ಟಿಕ್ ಚಲೋ ಐತಿ. ಹಸರ ಬಣ್ಣದ್ದು. ನಿನಗ ಹಸರ ಅಂದ್ರ ಸೇರತೈತಲ್ಲ."

"ಅಪ್ಪ ಕೊಟ್ಟ ಕೊಡ ಅಕ್ಕಾ ಅದು. ಪಾಳಿಯೊಳಗ ಪ್ಲಾಸ್ಟಿಕ್ ಆಗಿ ನಿಲ್ಲೂದು ನನಗ ಚಲೋ ಅನಸೂದಿಲ್ಲ."

"ಆತು ಬಿಡಪಾ" ಎಂದಳು. ಮುಂದಿನ ಪಾಳಿಗೆ ಹಿತ್ತಾಳೆಯ ದನಿ ತಿರುಗಿ ಬಂತು. ನನಗೆ ಬಹಳ ಹೆಮ್ಮೆಯಾಯಿತು. ನಮ್ಮ ಮನೆತನದ ಒಂದು ಅಂಶವನ್ನು ಉಳಿಸಿದೆ ಎಂದು ಮಾರ್ತಾಳಿಗೂ ಹೇಳಿದೆ. ಅವಳು, "ಅದು ಎಷ್ಟು ತೂಕವಿದೆ?" ಎಂದು ಕೇಳಿದಳು. ಮುದುಕಿಯರಿಗೆ ಇಂಥ ಪ್ರಶ್ನೆಗಳೇ ಹೊಳೆಯುತ್ತವೆ ಎಂದುಕೊಂಡೆ.

ಈ ವರ್ಷ ಪಡದಪ್ಪ ಮೆಂಬರ್ ಒಂದು ಯೋಜನೆ ತಂದ. ಮನೆಮನೆಗೆ ಪೈಪು, ಮನೆಮನೆಗೆ ನಳ. ಆದರೆ ಏರಿನ ತುದಿಗೆ ನೀರು ಹತ್ತಬೇಕಾದರೆ ಪ್ರೆಶರ್ ಸಾಲುವುದಿಲ್ಲವಾದ್ದರಿಂದ ಬೀದಿಯ ನಳವನ್ನು ಕಿತ್ತು ಹಾಕಬೇಕು. ಕೊಡಗಳ ತೀರ್ಮಾನ ಹದಿನೈದು ದಿನದ ಮೇಲೆ ಎಂದು ಗೊತ್ತಾಯಿತು. ಅದನ್ನು ನಾನು ಕೇಳಿದ್ದು ನಳದಲ್ಲೇ, ಅದೂ ಚಹಾ ಕುಡಿಯುತ್ತಾ. ಕಪ್ಪು ಕೆಳಗಿಟ್ಟೆ. ನಳ ಹೋದರೆ ನನ್ನ ಅಡಿಗೆಮನೆಯಲ್ಲಿ ಬರೀ ನೀರು. ಅಕ್ಕ ಇಲ್ಲ, ಫಕೀರವ್ವ ಇಲ್ಲ, ಕೊಡದ ಗಂಟೆಯಿಲ್ಲ. ನಾನು ಮಾರ್ತಾಳಂತೆ ಈ ಊರಿನ ಭಾಷೆ ಕಲಿತು ಕೂಡಬೇಕು.

ಹೀಗೆಂದು ಬಾಯಿಬಿಟ್ಟು ಹೇಳಲು ನಾಚಿಕೆ. ಆದ್ದರಿಂದ ಸಂಸ್ಕೃತಿ ಎಂದೆ. ಹೋಟೆಲಿನ ಕೆಲಸ ಮುಗಿಸಿ ಬಂದವನೇ ಒಂದೊಂದು ಮನೆಗೆ ಫೋನು ಮಾಡಿದೆ. "ನಳ ಅಂದ್ರ ಬರೇ ನಳ ಅಲ್ರೀ, ನಮ್ಮ ಕೂಡುಬಾಳ್ವೆ. ಒಳಗ ನಳ ಬಂತಂದ್ರ ಒಬ್ಬರ ಮಾರಿ ಒಬ್ಬರು ನೋಡೂದಿಲ್ಲ. ಇಲ್ಲಿ ಪರದೇಶದಾಗ ನೋಡಾಕತ್ತೇನಿ, ಪಕ್ಕದ ಮನ್ಯಾಂವ ಯಾರಂತ ಗೊತ್ತಿರೂದಿಲ್ಲ." ನನ್ನ ಪಕ್ಕದ ಮನೆಯವನು ಹನ್ನೊಂದು ವರ್ಷಗಳಿಂದ ನನಗೆ ಕೈಬೀಸುತ್ತಿದ್ದಾನೆ, ಅವನ ಹೆಸರು ಕೇಳಲು ನನಗೇ ಪುರುಸೊತ್ತಾಗಿಲ್ಲ. ಅದನ್ನು ಫೋನಿನಲ್ಲಿ ಹೇಳಲಿಲ್ಲ.

ಮೀಟರು ಕೂಡಿಸುತ್ತಾರೆಂಬ ಹೆದರಿಕೆಯವರು, ಪಡದಪ್ಪನ ಮಾರಿ ಕಂಡರಾಗದವರು, ಪಾಳಿಯ ಹರಟೆ ಬಿಟ್ಟರೆ ಹೊತ್ತು ಕಳೆಯಲು ಬೇರೆ ದಾರಿಯಿಲ್ಲದವರು, ಎಲ್ಲರೂ ನನ್ನ ಮಾತಿಗೆ ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ಒಪ್ಪಿದವರು ಕೊಟ್ರಪ್ಪ ಮಾಸ್ತರರು. ನಿವೃತ್ತರಾಗಿ ಕೂತಿದ್ದ ಅವರಿಗೆ ನಾನು ಒಂದು ಕೆಲಸ ಹಚ್ಚಿದಂತಾಯಿತು. "ಗುರುಪಾದಾ, ನಮ್ಮ ಶಾಲಿಯೊಳಗ ನಿನ್ನಷ್ಟ ದಡ್ಡ ಯಾರೂ ಇರಲಿಲ್ಲ. ಆದ್ರ ಈ ಮಾತ ಖರೇ ಹೇಳಿದಿ" ಎಂದರು.

ಅಕ್ಕ ಮಾತ್ರ ಪೈಪು ಬೇಕು ಅನ್ನುವವರ ಕಡೆ. ಅವಳಿಗೂ ನಾನು ಸಂಸ್ಕೃತಿ ಹೇಳಿದೆ.

"ಸಂಸ್ಕೃತಿ ಕೊಡದಾಗ ತುಂಬಿದ್ರ ಭಾಳ ವಜ್ಜ ಆಗತೈತಿ ತಮ್ಮಾ" ಎಂದಳು.

ಸಂಸ್ಕೃತಿಗೂ ತೂಕವಂತೆ, ಎಂಥ ಮಾತು! ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮುಂದಿನ ನಾಲ್ಕು ಮನೆಗಳಿಗೆ ಫೋನು ಮಾಡಿದಾಗ ಅದನ್ನು ನನ್ನ ಮಾತೆಂಬಂತೆ ಹೇಳಿ ಅವರನ್ನೂ ನಗಿಸಿದೆ.

ಅದೇ ದಿನಗಳಲ್ಲಿ ಮಾರ್ತಾ ಒಂದು ಮನವಿಪತ್ರ ತಂದು ನನ್ನ ಮೇಜಿನ ಮೇಲಿಟ್ಟಿದ್ದಳು. ಮನೆಯ ಮುಂದಿನ ಬಸ್ ಸ್ಟಾಪನ್ನು ತೆಗೆದು ದಿನ್ನೆಯ ಕೆಳಗೆ ಹಾಕಿದ್ದರಂತೆ, ತಿರುಗಿ ತರಬೇಕೆಂದು ಮೇಯರ್‌ಗೆ ಬರೆದದ್ದು. "ಒಂದು ಸಹಿ ಮಾಡು, ಗುರು." ಮಾಡುತ್ತೇನೆಂದೆ. ಆ ಕಾಗದದ ಬೆನ್ನ ಮೇಲೆ ನಾನು ನಮ್ಮ ಬೀದಿಯ ಮನೆಗಳನ್ನು ಬರೆದು, ಯಾರ ಕೊಡ ನೆಟ್ಟಗೆ, ಯಾರದು ಡಬ್ಬ ಎಂದು ಗುರುತು ಹಾಕಿಕೊಳ್ಳುತ್ತಿದ್ದೆ. ನನ್ನ ಲೆಕ್ಕದಲ್ಲಿ ನಳ ಉಳಿಯುವುದು ಖಾತ್ರಿಯಾಗಿತ್ತು.

ತೀರ್ಮಾನಕ್ಕೆ ಎರಡು ದಿನ ಇರುವಾಗ, ನೀರಿನ ಹೊತ್ತಿಗೆ ಎಂದಿನಂತೆ ಕುರ್ಚಿ ಎಳೆದುಕೊಂಡು ಕೂತೆ. ಕೊಡಗಳು ಬಂದವು, ಜಗಳ ಬಂತು, ನಗು ಬಂತು. ನನ್ನ ಹಿತ್ತಾಳೆಯ ಕೊಡ ತುಂಬುವ ದನಿಯೂ ಬಂತು, ತಳದಲ್ಲಿ ದಪ್ಪಗೆ ಶುರುವಾಗಿ ಕಂಠದಲ್ಲಿ ಸಣ್ಣಗಾಗುವ ಆ ದನಿ ನನಗೆ ಬಾಯಿಪಾಠ. ಆಮೇಲೆ ಅದು ಮೇಲಕ್ಕೆ ಎದ್ದ ಸದ್ದು. ಅದರ ಹಿಂದೆಯೇ ಒಂದು 'ಯವ್ವಾ!' ಕೊಡ ಕಲ್ಲಿಗೆ ಬಡಿದು ಉರುಳಿತು. ನೀರು ಚೆಲ್ಲಿ ಹರಿಯಿತು.

"ಕೂಡು, ಅಲ್ಲೇ ಕೂಡು ನೀಲಗಂಗಾ. ಅಲಗ್ಯಾಡಬ್ಯಾಡ" ಫಕೀರವ್ವನ ದನಿ.

"ಏನಿಲ್ಲ ಬೇ. ಸೊಂಟ ಹಿಡಕೊಂತು ಅಷ್ಟ. ನೀ ಮೊದಲ ನಳಕ್ಕ ಅರಿವಿ ಕಟ್ಟು."

"ಕಟ್ಟೂದಿಲ್ಲ."

"ಕಟ್ಟ ಬೇ! ಕೇಳತಾನ ಅಂವ!"

"ಕೇಳಲಿ. ಎರಡ ವರ್ಷ ನಿನ್ನ ಸಲುವಾಗಿ ಅರಿವಿ ಕಟ್ಟಿ ಕಟ್ಟಿ ನನ್ನ ಹಳೇ ಸೀರಿ ಎಲ್ಲಾ ಹರದು ಹೋದುವು. ಏ ಗುರುಪಾದಾ! ಕೇಳಾಕತ್ತೀ ಏನು? ಕೇಳಾಕತ್ತಿರತೀ, ನಿನಗ ಬ್ಯಾರೆ ಏನ ಕೆಲಸೈತಿ! ನಿನ್ನ ಹಿತ್ತಾಳಿ ಕೊಡ ದಿನ ಬಿಟ್ಟ ದಿನ ಏರ ಹತ್ತತೈತಲ್ಲ, ಅದಕ್ಕೇನ ಕಾಲ ಅದಾವಂತ ತಿಳದೀ? ನಿಮ್ಮಕ್ಕ ತನ್ನ ಮನಿ ನೀರ ಹೊತ್ತು ಏರ ಹತ್ತತಾಳ, ತಿರಗಿ ಇಳೀತಾಳ, ನಿನ್ನ ಕೊಡ ಹೊತ್ತು ಮತ್ತ ಹತ್ತತಾಳ. ಕುಡ್ಯಾಕ ನೀ ಎಲ್ಲಿದ್ದೀ? ಆ ನೀರ ಒಯ್ದು ಅಂಗಳಕ್ಕ ಹೊಡೀತಾಳ. ಹನ್ನೊಂದ ವರ್ಷ ಆತು. ವಜ್ಜ ಎತ್ತಬ್ಯಾಡ ಅಂತ ಡಾಕ್ಟರ್ ಹೇಳಿದ ಮ್ಯಾಲೆ ಪಾಪ, ಒಂದ ಹಗೂರನ ಪ್ಲಾಸ್ಟಿಕ್ ಕೊಡ ತಂದ್ಲು. ಸಪ್ಪಳ ಬ್ಯಾರೆ ಐತಿ ಅಂತ ಫೋನ್ ಮಾಡಿದಿ ನೀ! ಸಪ್ಪಳ! ಅಷ್ಟ ಚಲೋ ಕಿವಿ ಇದ್ದಾಂವಗ ಅಕ್ಕ ನರಳೂದ ಹೆಂಗ ಕೇಳಲಿಲ್ಲೋ?"

"ಸಾಕ ಮಾಡ ಬೇ ಫಕೀರವ್ವಾ" ಅಕ್ಕನ ದನಿ ಸಣ್ಣದಾಗಿತ್ತು. "ದೂರ ಇರೂ ಹುಡುಗ."

ನನಗೆ ಐವತ್ತೊಂದು ವರ್ಷ. ಅಕ್ಕ ಮಾತಾಡುತ್ತಿರುವಾಗ ನಾನು ನಳ ಬಂದ್ ಮಾಡಿದ್ದು ಅದೇ ಮೊದಲು.

ಚಹಾ ಆರಿತ್ತು. ಅರಿವೆಯೊಳಗಿನ ಗುಸುಗುಸು ಯಾರದೆಂದು ಈಗ ಗೊತ್ತಾಗಿತ್ತು. ಎಷ್ಟು ಹೊತ್ತು ಕೂತಿದ್ದೆನೋ, ಕೆಲಸಕ್ಕೆ ಹೊತ್ತಾಯಿತೆಂದು ಮೆಟ್ಟಿಲಿಳಿದೆ. ಮಾರ್ತಾ ಎರಡೂ ಕೈಯಲ್ಲಿ ಸಂತೆಯ ಚೀಲ ಹಿಡಿದು ದಿನ್ನೆ ಏರಿ ಬರುತ್ತಿದ್ದಳು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ದಿನವೂ ಹಾಗೆಯೇ ಬರುತ್ತಿದ್ದಳೋ ಏನೋ, ನಾನು ನೋಡಿರಲಿಲ್ಲ. ಚೀಲಗಳನ್ನು ಇಸಿದುಕೊಂಡು ಅವಳ ಬಾಗಿಲಿಗೆ ಇಟ್ಟೆ. "ಇವತ್ತು ನಿನ್ನ ಊರಿನಲ್ಲಿ ಏನಾಯಿತು?" ಎಂದು ಕೇಳಿದಳು. ಹೇಳಲು ಭಾಷೆ ಸಾಲಲಿಲ್ಲ.

ಆ ದಿನ ಮಧ್ಯಾಹ್ನ ಅಕ್ಕನಿಗೆ ಫೋನು ಮಾಡಿದೆ.

"ಫಕೀರವ್ವನ ಮಾತ ಕಿವಿಗೆ ಹಾಕ್ಕೋಬ್ಯಾಡ. ಆಕಿಗೆ ಎಲ್ಲಾ ದೊಡ್ಡದ ಮಾಡಿ ಹೇಳೂ ಚಟ" ಎಂದು ಅವಳೇ ಮೊದಲು ಶುರು ಮಾಡಿದಳು.

"ಅಕ್ಕಾ, ನನ್ನ ಕೊಡ ಪಾಳಿಯಿಂದ ತಗದುಬಿಡು."

"ಹುಚ್ಚಾ!" ಎಂದು ಚೀರಿದಳು. "ಬದುಕಿದ್ದಾಂವನ ಕೊಡ ತಗೀತಾರೇನೋ? ಇನ್ನೊಮ್ಮೆ ಆ ಮಾತ ಆಡಿದ್ರ ನೋಡು. ನಾ ಇರೂತನಕ ನಿನ್ನ ಕೊಡ ನಿಲ್ಲತೈತಿ, ತುಂಬತೈತಿ." ಎಂದವಳೇ ಫೋನು ಇಟ್ಟಳು.

ಅಲ್ಲಿಗೆ ನನಗೆ ಉಳಿದದ್ದು ಒಂದೇ ದಾರಿ. ಕೊಡ ತೆಗೆಯುವ ಹಾಗಿಲ್ಲ. ಪಾಳಿಯೇ ಇಲ್ಲದಿದ್ದರೆ ಕೊಡವೂ ನಿಲ್ಲಬೇಕಾಗಿಲ್ಲ. ಪಾಳಿ ಹೋಗಬೇಕಾದರೆ ನಳ ಹೋಗಬೇಕು. ಹದಿನೈದು ದಿನ ನಾನೇ ಗಂಟಲು ಹರಿದುಕೊಂಡು ಉಳಿಸಿದ ನಳ.

ಮತ್ತೆ ಮನೆಮನೆಗೆ ಫೋನು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. "ಮೊನ್ನೆ ಒಂದ ಹೇಳಿದಿ, ಇವತ್ತ ಒಂದ ಹೇಳತೀ. ಪಡದಪ್ಪ ನಿನಗೂ ಏನರೆ ಕೊಟ್ಟನೇನೋ?" ಎಂದು ಒಬ್ಬರು. "ಕೂಡುಬಾಳ್ವೆ ಎಲ್ಲಿ ಹೋತಪಾ?" ಎಂದು ಇನ್ನೊಬ್ಬರು. ಕೊಟ್ರಪ್ಪ ಮಾಸ್ತರರಂತೂ ನನ್ನನ್ನು ಮಾತಾಡಲೇ ಬಿಡಲಿಲ್ಲ.

"ಹದಿನಾಲ್ಕ ಪುಟ ಬರದೇನಿ ಗುರುಪಾದಾ. 'ನಳ ಮತ್ತು ನಾಗರಿಕತೆ.' ಮುಕ್ತಾಯ ಒಂದ ಉಳದೈತಿ."

"ಮಾಸ್ತರ್, ನಾ ತಪ್ಪ ಹೇಳಿದ್ನಿರಿ."

"ನೀ ತಪ್ಪ ಹೇಳಿರಬಹುದು. ನಾ ಬರದದ್ದ ತಪ್ಪಿಲ್ಲ" ಎಂದು ಎರಡನೆಯ ಪುಟದಿಂದ ಓದತೊಡಗಿದರು. ಒಂಬತ್ತನೆಯ ಪುಟದವರೆಗೆ ಕೇಳಿದೆ. ನಿಜ ಹೇಳುತ್ತೇನೆ, ಬಹಳ ಚೆನ್ನಾಗಿ ಬರೆದಿದ್ದರು.

ತೀರ್ಮಾನದ ದಿನ ಹೋಟೆಲಿಗೆ ರಜೆ ಹೇಳಿ ಕೂತೆ. ಒಂದು ಕಡೆ ನಳ, ಇನ್ನೊಂದು ಕಿವಿಗೆ ಫೋನು. ಫೋನು ಹಿಡಿದು ನಳದ ಹತ್ತಿರ ನಿಂತವನು ಪಡದಪ್ಪ ಮೆಂಬರ್, ಹಾಗಾಗಿ ಅವನ ಮಾತು ನನಗೆ ಎರಡೆರಡು ಸಲ ಕೇಳುತ್ತಿತ್ತು. ಅವನ ಮಾತು ಒಂದೊಂದು ಸಲ ಕೇಳುವುದೇ ಕಷ್ಟ. ಐವತ್ತಾರು ಕೊಡ ಸಾಲಾಗಿ ನಿಂತಿದ್ದವಂತೆ. ಅರ್ಧಕ್ಕಿಂತ ಹೆಚ್ಚು ನೆಟ್ಟಗೆ. ನನ್ನ ಕೊಡವೂ ನೆಟ್ಟಗೆ, ಯಾಕೆಂದರೆ ನಾನಿನ್ನೂ ಮಾತು ಹೇಳಿರಲಿಲ್ಲ. ಅದರ ಪಕ್ಕದಲ್ಲಿ ಅಕ್ಕನ ಕೊಡ, ಡಬ್ಬ.

"ಏನಪಾ ಗುರುಪಾದ, ನಿನ್ನ ಕೊಡದ ಮಾತ ಹೇಳು. ಸ್ಪೀಕರ್ ಹಚ್ಚೇನಿ, ಎಲ್ಲಾರೂ ಕೇಳತಾರ."

"ಡಬ್ಬ ಹಾಕ್ರಿ" ಎಂದೆ.

ಅಲ್ಲಿ ಗದ್ದಲವೋ ಗದ್ದಲ. ಅದರ ಮೇಲೆ ಪಡದಪ್ಪನ ದನಿ. ಅವನಿಗೆ ಬೇಕಾದ ಉತ್ತರವೇ ಸಿಕ್ಕಿತ್ತು, ಆದರೂ ಬಿಡುವ ಮನುಷ್ಯನಲ್ಲ. "ಹದಿನೈದ ದಿನಾ ಎಲ್ಲಾರ ಕಿವಿ ತಿಂದೀ. ಈಗ ಯಾಕ ಡಬ್ಬ? ಕಾರಣಾ ಹೇಳು."

ನಾನು ಬರೆದಿಟ್ಟುಕೊಂಡಿದ್ದ ಒಳ್ಳೊಳ್ಳೆಯ ಮಾತುಗಳಿದ್ದವು, ಮನವಿಪತ್ರದ ಬೆನ್ನ ಮೇಲೆ. ಒಂದೂ ಓದಲಾಗಲಿಲ್ಲ. "ಸಂಸ್ಕೃತಿ ಅಲ್ರೀ ಅದು" ಎಂದೆ. "ನಮ್ಮಕ್ಕನ ದನಿ ಕೇಳಬೇಕಂತ ನಳ ಬೇಕಂದಿದ್ನಿ. ನಾ ಇಲ್ಲಿ ಕುರ್ಚಿ ಮ್ಯಾಲೆ ಕುಂತ ಕೇಳತೇನಿ. ನಾ ಕೇಳಬೇಕಾದ್ರ ಆಕಿ ಅಲ್ಲಿ ನನ್ನ ಹೊರಬೇಕಾಗೇತಿ. ಸಾಕ್ರಿ. ಡಬ್ಬ ಹಾಕ್ರಿ."

ನಳ ಹನಿಯುವುದು ಮಾತ್ರ ಕೇಳುತ್ತಿತ್ತು, ಅಲ್ಲಿಯದೋ ಇಲ್ಲಿಯದೋ ಗೊತ್ತಿಲ್ಲ. ಆಮೇಲೆ ಅಕ್ಕನ ದನಿ, ಫೋನಿನಲ್ಲೊಮ್ಮೆ, ನಳದಲ್ಲೊಮ್ಮೆ: "ಇಷ್ಟ ಮೊದಲ ಹೇಳಿದ್ರ ಆಗತಿತ್ತಿಲ್ಲೋ? ಫೋನಿನ್ಯಾಗ ಮಾತಾಡಸ್ತಿದ್ನಿ. ನೀ ಬರೇ ಬುದ್ಧಿ ಹೇಳತಿದ್ದಿ."

ಹಿತ್ತಾಳೆ ಕಲ್ಲಿನ ಮೇಲೆ ಬೋರಲಾಗಿ ಕೂತ ಸದ್ದು. ಅದು ಗಂಟೆಯಂತಿರಲಿಲ್ಲ, ಮುಚ್ಚಳ ಹಾಕಿದಂತಿತ್ತು. ಅದರ ಹಿಂದೆ ಟಪ್, ಟಪ್ ಎಂದು ಮತ್ತೊಂದಿಷ್ಟು ಕೊಡಗಳು. ನೆಟ್ಟಗೆ ಇಪ್ಪತ್ತೊಂದು, ಡಬ್ಬ ಮೂವತ್ತೈದು. ಕೊಟ್ರಪ್ಪ ಮಾಸ್ತರರ ಕೊಡ ಕೊನೆಯವರೆಗೂ ನೆಟ್ಟಗೇ ಇತ್ತು. "ತತ್ವ ಅಂದ್ರ ತತ್ವ" ಎಂದರು. ಅವರ ಹೆಂಡತಿಯ ಕೊಡ ಡಬ್ಬಾಗಿತ್ತು.

ಪೈಪು ಹಾಕಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳೂ ನನ್ನ ಕೊಡ ಪಾಳಿಗೆ ಬಂತು, ಆದರೆ ಪ್ಲಾಸ್ಟಿಕ್ಕಿನದು. ನಾನೇ ಹೇಳಿದೆ, ಹಸಿರು ಬಣ್ಣದ್ದು ತಾ ಎಂದು. ಅದನ್ನು ಏರಿಗೆ ಹೊತ್ತವಳು ಫಕೀರವ್ವನ ಸೊಸೆ. ಇದನ್ನು ನನಗೆ ಅರಿವೆ ಕಟ್ಟದೆಯೇ ಹೇಳಿದರು.

ನಳ ಕೀಳುವ ದಿನ ಪಡದಪ್ಪ ಭಾಷಣ ಮಾಡಿದ. ಅವನ ಅಳಿಯ ಚಪ್ಪಾಳೆ ತಟ್ಟಲಿಲ್ಲವಾದ್ದರಿಂದ ಮತ್ತೆ ಪಕ್ಷ ಬದಲಿಸಿದ್ದಾನೆಂದು ಗೊತ್ತಾಯಿತು. ಕೊನೆಗೆ ಫಕೀರವ್ವ ನಳದ ಬಾಯಿಗೆ ಬಾಯಿ ಹಚ್ಚಿ ಕೂಗಿದಳು: "ಏ ಗುರುಪಾದಾ, ಇನ್ನ ಮ್ಯಾಲೆ ನಿನ್ನ ಬೈಬೇಕಂದ್ರ ಫೋನ್ ಮಾಡಬೇಕಾಗತೈತಿ. ಎತ್ತದ ಇರಬ್ಯಾಡ ಮತ್ತ." ನಳ ಬಿಚ್ಚುವ ಪಾನಾ ತಿರುಗಿ ಕಿರಗುಟ್ಟುವ ಸದ್ದು. ಒಂದು ಎಳೆತ. ಆಮೇಲೆ ನನ್ನ ಸಿಂಕಿನಲ್ಲಿ ಬರೀ ನೀರು ಬೀಳತೊಡಗಿತು.

ಸದ್ದಿಲ್ಲದ್ದನ್ನು ಕೇಳಿಯೋ ಏನೋ, ಮಾರ್ತಾ ಮೇಲೆ ಬಂದಳು. ನಳವನ್ನೂ ನನ್ನನ್ನೂ ನೋಡಿದಳು. "ಆಯಿತಾ?" ಎಂದಳು. ಆಯಿತೆಂದೆ. ಕುರ್ಚಿಯಲ್ಲಿ ಕೂತು, ನನಗೆ ನಿಂತೇ ಇರಲು ಬಿಟ್ಟು, ಬಸ್ ಸ್ಟಾಪಿನ ಸಭೆ ಶುಕ್ರವಾರ ಎಂದು ಹೇಳಿದಳು. ಮನವಿಪತ್ರವನ್ನು ತೆಗೆದು ಸಹಿ ಮಾಡಿಕೊಟ್ಟೆ. ಬೆನ್ನ ಮೇಲಿನ ಐವತ್ತಾರು ಕೊಡಗಳನ್ನು ಏನೆಂದು ತಿಳಿಯುತ್ತಾರೋ. ಸಭೆಗೆ ಹೋದಾಗ ಮೇಯರ್ ನನ್ನನ್ನು ಗುರುತಿಸಿ, "ಈಗ ಗೊತ್ತಾಯಿತೇ, ಯಾರೆಂದು?" ಎಂದು ಕೇಳಿದಳು. ನನ್ನ ಮಾರಿ ಮೆಣಸಿನಕಾಯಿ ಬಣ್ಣಕ್ಕೆ ತಿರುಗಿತು.

ಮೊದಲ ವಾರ ಅಕ್ಕನಿಗೆ ಫೋನು ಮಾಡಲಿಲ್ಲ. ಏನು ಮಾತಾಡುವುದೆಂದು ತಿಳಿಯಲಿಲ್ಲ. ಹನ್ನೊಂದು ವರ್ಷ ನಾನು ಎಲ್ಲವನ್ನೂ ತಿಳಿದುಕೊಂಡೇ ಫೋನು ಮಾಡುತ್ತಿದ್ದೆ, ಈಗ ಏನೂ ಗೊತ್ತಿರಲಿಲ್ಲ. ಎಂಟನೆಯ ದಿನ ಧೈರ್ಯ ಮಾಡಿ ಹಚ್ಚಿದೆ.

"ಅಕ್ಕಾ, ಏನ ಅಡಗಿ ಮಾಡೀ ಇವತ್ತ?"

"ಯಾರ ಮಾತಾಡೂದು?" ಎಂದಳು.

"ನಾನ ಅಕ್ಕಾ, ಗುರುಪಾದ."

"ಸುಳ್ಳ. ನಮ್ಮ ತಮ್ಮ ಹಿಂಗ ಕೇಳಾಂವ ಅಲ್ಲ. ಅಂವ ಬದನಿಕಾಯಿಗೆ ಉಪ್ಪ ಹೆಚ್ಚಾಗೇತಂತ ನನಗ ಹೇಳಾಂವ."

"ಸೊಂಟ ಹೆಂಗೈತಿ?"

"ಐತಿ" ಎಂದಳು. "ಕುಂತ ಏಳೂಮುಂದ ಹಿಡೀತೈತಿ. ಎಡಗಡೆ ಕಾಲಿಗೂ ಇಳದೈತಿ. ಮುಂಜಾನಿ ಭಾಳ." ಆರಾಮ ಎನ್ನಲಿಲ್ಲ. ಫೋನಿನಲ್ಲಿ ಅವಳು ಆರಾಮ ಎನ್ನದಿದ್ದದ್ದು ಅದೇ ಮೊದಲು. ಸೊಂಟದಿಂದ ಡಾಕ್ಟರಿಗೆ, ಡಾಕ್ಟರಿಂದ ಅವನ ಕಂಪೌಂಡರಿಗೆ, ಕಂಪೌಂಡರಿಂದ ಫಕೀರವ್ವನ ಸೊಸೆಗೆ ಮಾತು ಹೋಯಿತು. ನಾನು ಒಂದೇ ಒಂದು ಬುದ್ಧಿಯ ಮಾತು ಹೇಳಲಿಲ್ಲ. ಎರಡು ಸಲ ತುಟಿಯವರೆಗೆ ಬಂದದ್ದನ್ನು ನುಂಗಿದೆ.

"ನನ್ನ ಕೊಡ ಏನ ಮಾಡಿದಿ?" ಎಂದು ಕೇಳಿದೆ ಕೊನೆಗೆ.

"ಅಟ್ಟದ ಮ್ಯಾಲೆ ಐತಿ, ಜ್ವಾಳ ತುಂಬೇನಿ. ಬಂದಾಗ ನೀನ ಇಳಿಸಿಕೋ, ನನ್ನ ಕೈಲೆ ಆಗೂದಿಲ್ಲ. ಏ ತಡಿ, ತಡಿ, ಫೋನ್ ಇಡಬ್ಯಾಡ. ಒಂದ ಕೇಳಸ್ತೇನಿ."

ಅವಳು ಗೋಡೆ ಹಿಡಿದು ಏಳುವುದು ಕೇಳಿಸಿತು. ನಾಲ್ಕೈದು ಹೆಜ್ಜೆ. ಏನೋ ತಿರುವಿದ ಕಿರ್ ಸದ್ದು. ಆಮೇಲೆ ಅವಳ ಅಡಿಗೆಮನೆಯಲ್ಲಿ ಸುರಿಯತೊಡಗಿದ್ದು ನನ್ನ ಕಿವಿಗೆ ಬಂತು.

"ಕೇಳತೈತೇನು?"

ಉಸಿರು ಬಿಗಿಹಿಡಿದು ಕೇಳಿದೆ. ಯಾರ ಮಾತೂ ಇರಲಿಲ್ಲ, ಕೊಡದ ಸಪ್ಪಳವೂ ಇರಲಿಲ್ಲ.

"ಬರೇ ನೀರ ಬೀಳೂ ಸಪ್ಪಳ ಅಕ್ಕಾ."

"ಹೌದಲ್ಲೋ" ಎಂದಳು ನಮ್ಮಕ್ಕ, ನಗುತ್ತಾ. "ಅದರ ಸಲುವಾಗೇ ಬಡದಾಡಿದ್ದು."